ಯಾರ್ಕಿನಲ್ಲಿ ಊಟಕ್ಕೆ ಯಾರ ಮನೆ?

ನಾನು ಈಗ ಹೇಳೋದನ್ನ ನೀವು ಖಂಡಿತ ನಂಬಲ್ಲ. ಪರವಾಗಿಲ್ಲ, ನಂಬಬೇಡಿ. ಶನಿವಾರ ಮಧ್ಯಾಹ್ನ ಲಾಂಗ್ ಬೀಚಿನ ನಮ್ಮ ಮನೆಗೆ ಬಂದು ಕಣ್ಣಾರೆ ನೋಡಿ. ಊಟದ ಟೇಬಲ್ಲಿನ ತಲೆಭಾಗದಲ್ಲಿ ಅಂಗಿ ತೋಳು ಮೊಣಕೈವರೆಗೂ ಮಡಿಚಿ, ಪೂಜೆಗೆ ಕೂತಷ್ಟು ಗಂಭೀರವಾಗಿ ಒಬ್ಬರು ಕೂತಿರ್ತಾರಲ್ಲ, ಅವರು ನಾನು ಹುಟ್ಟೋಕೆ ಮುಂಚೆ ಅಮೆರಿಕಕ್ಕೆ ಬಂದವರು. ಇಲ್ಲೀವರೆಗೂ ಒಂದು ಹೋಟೆಲ್ಲಿಗೂ ಕಾಲಿಟ್ಟಿಲ್ಲ! ಸರಿ, ಅಡುಗೆ ಮಾಡ್ಕೊಳ್ತಾರಾ? ಅದೂ ಇಲ್ಲ. ಕಾರಲ್ಲಿ ಎರಡು ಗಂಟೆ ದೂರದ ಸ್ಯಾನ್ ಡಿಯಾಗೊದಲ್ಲಿ ಅವರ ಅಪಾರ್ಟ್‌ಮೆಂಟಿನ ಒಲೆ ಅಂಗಡೀಲಿ ಇದ್ದಾಗ ಎಷ್ಟು ಹೊಳೀತಿತ್ತೋ ಈಗಲೂ ಅಷ್ಟೇ ಹೊಳೀತಿದೆ. ಓವನ್ ಒಳಗೆ ಚಳಿಗಾಲದ ಸ್ವೆಟರ್ ಇಟ್ಟಿದ್ದಾರೆ.

ಮತ್ತೆ ಊಟ? ಸೋಮವಾರದಿಂದ ಶುಕ್ರವಾರದ ತನಕ ಅಲ್ಲೇ ಸೊರೆಂಟೊ ವ್ಯಾಲಿಯ ಆಫೀಸಲ್ಲಿ ಬ್ರೆಡ್ಡು, ಮೊಸರು, ಬಾಳೆಹಣ್ಣು. ಅದನ್ನ ಅವರು ಊಟ ಅಂತ ಕರೆಯಲ್ಲ, "ಗಾಡಿಗೆ ಪೆಟ್ರೋಲು" ಅಂತಾರೆ. ಊಟ ಅಂದ್ರೆ ಯಾರದಾದ್ರೂ ಮನೇಲಿ ಮಾಡೋದು. ಯಾರ ಮನೆ ಅನ್ನೋದು ಅಷ್ಟು ಮುಖ್ಯ ಅಲ್ಲ!

ಅವರು ಉಡುಪಿ ಕಡೆಯವರು. ಅವರ ಅಪ್ಪನದ್ದೇ ಹೋಟೆಲ್ ಇತ್ತಂತೆ. ನಾನು ಒಂದ್ಸಲ ಕೇಳಿದೆ, "ಮಾವ, ಹೋಟೆಲ್ ಮಗ ಆಗಿ ಹೋಟೆಲ್ ಕಂಡ್ರೆ ಯಾಕೆ ಆಗಲ್ಲ ನಿಮಗೆ?"

"ಹೋಟೆಲಲ್ಲಿ ಎಂತ ಉಂಟು ಮಾರಾಯ? ಎಲೆ ಖಾಲಿ ಆದ್ರೆ ಬಿಲ್ ಬರ್ತದೆ. ಮನೆಯಲ್ಲಿ ಎಲೆ ಖಾಲಿ ಆದ್ರೆ ಸಾರು ಬರ್ತದೆ."

ಯಾವ ಊರಿಗೆ ಹೋದ್ರೂ ಅವರದ್ದು ಒಂದೇ ಪದ್ಧತಿ. ಕಾರ್ ನಿಲ್ಲಿಸೋದು, ಫೋನ್ ಬೂತಿಗೆ ಹೋಗೋದು, ಅಲ್ಲಿ ಸರಪಳಿ ಹಾಕಿ ಕಟ್ಟಿರೋ ಡೈರೆಕ್ಟರಿ ತೆಗೆದು ಬೆರಳಿಟ್ಟು ಹುಡುಕೋದು. ಅಡಿಗ, ಆಚಾರ್ಯ, ಭಟ್, ಹೆಗ್ಡೆ, ರಾವ್. ನಮ್ಮ ಕಡೆಯ ಹೆಸರು ಸಿಕ್ಕಿದ್ರೆ ಫೋನ್. "ನಮಸ್ಕಾರ, ಇಲ್ಲೇ ಹತ್ರ ಇದ್ದೇವೆ. ಅಡುಗೆ ಆಯ್ತಾ? ನಿಮ್ಮಲ್ಲಿ ಅನ್ನ ಕುಚ್ಚಲಕ್ಕಿಯದ್ದಾ, ಬೆಳ್ತಿಗೆಯದ್ದಾ?" ಗುರುತು ಪರಿಚಯ ಇಲ್ಲದ ಮನೆಯಲ್ಲಿ ಅಕ್ಕಿ ಕೆಂಪೋ ಬಿಳಿಯೋ ಅಂತ ಜಾತಿ ವಿಚಾರಣೆ!

ಒಂದ್ಸಲ ಸ್ಯಾನ್ ಪೀಡ್ರೊದಲ್ಲಿ, ಅಪ್ಪ ಕೆಲಸ ಮಾಡೋ ಬಂದರಿನ ಹತ್ರ, ನಮ್ಮ ಕಾರ್ ಕೆಟ್ಟು ನಿಂತ್ಕೊಳ್ತು. ಅಪ್ಪ, ಮಾವ, ನಾನು. ಹೊಟ್ಟೆ ಚುರುಗುಡ್ತಿತ್ತು. ಮಾವ ಬೂತಿಗೆ ಹೋದ್ರು, ನಗ್ತಾ ವಾಪಸ್ ಬಂದ್ರು. "ರಾವ್ ಸಿಕ್ಕಿದ್ರು. ನಿಮ್ಮವರೇ ಮೂರು ಜನ ಇದ್ದೇವೆ, ಹಸಿವೆ ಅಂದೆ. ಓಡಿ ಬನ್ನಿ ಅಂದ್ರು. ಎಂಥ ಒಳ್ಳೆ ಮನುಷ್ಯ!"

ಹೋದ್ವಿ. ಬೆಲ್ ಮಾಡಿದ್ವಿ. ಬಾಗಿಲು ತೆಗೆದವರು ಬಾಗಿಲಿನಷ್ಟೇ ಅಗಲ ಇದ್ದ ಇಟಲಿಯವರು! ತಲೆಮಾರುಗಳಿಂದ ಅಲ್ಲೇ ಮೀನು ಹಿಡಿಯೋ ಮನೆತನ. ಅವರಲ್ಲೂ ರಾವ್ ಅಂತ ಹೆಸರಿರುತ್ತೆ ಅಂತ ನಮಗೇನು ಗೊತ್ತು? ತಮ್ಮ ಹಿರಿಯರ ಊರು ಸಿಸಿಲಿಯಿಂದ ನೆಂಟರು ಬಂದ್ರು ಅಂತ ಅವರು ಹಿಂದೆ ಇಡೀ ಸಂಸಾರಾನ ಸಾಲಾಗಿ ನಿಲ್ಲಿಸಿದ್ರು. ಅವರು ನಮ್ಮನ್ನ ನೋಡಿದ್ರು, ನಾವು ಅವರನ್ನ ನೋಡಿದ್ವಿ. ಅಪ್ಪ ಆಗಲೇ ಗೇಟಿನ ಹತ್ರ ಇದ್ರು. ಮಾವ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಹೋದ್ರು. "ಹೆಸರು ಕೂಡಿ ಬಂತಲ್ಲ, ಗೋತ್ರ ಆಮೇಲೆ ನೋಡುವ."

ಆ ಮನೆಯ ಅಜ್ಜಿ ನಮಗೋಸ್ಕರ ಮೀನಿಲ್ಲದೆ, ಮಾಂಸ ಇಲ್ಲದೆ, ಟೊಮೇಟೊ ಹಾಕಿ ಶ್ಯಾವಿಗೆ ಥರದ್ದು ಮಾಡಿದ್ರು. ಸಾಕು ಅಂತ ಅಪ್ಪ ತಟ್ಟೆಗೆ ಕೈ ಅಡ್ಡ ಹಿಡಿದ್ರೆ ಕೈ ಮೇಲೇ ಬಡಿಸಿಬಿಟ್ರು! ಮಾವ ಹೊರಗೆ ಬಂದು ತೀರ್ಪು ಕೊಟ್ರು: "ನಮ್ಮವರೇ."

ಅಂದ ಹಾಗೆ, ಮಾವ ಅಂತೀನಲ್ಲ, ಅವರು ಅಮ್ಮನ ಅಣ್ಣ ಅಲ್ಲ. ನಮಗೆ ಏನೂ ಆಗಬೇಕಿಲ್ಲ. ನಾನು ಚಿಕ್ಕವನಿದ್ದಾಗ ನಾವು ಮೈಸೂರಿಂದ ಬಂದು, ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, ಫೋನ್ ಬಂತು. "ಶಾಸ್ತ್ರಿಗಳಾ? ಅಡುಗೆ ಆಯ್ತಾ?" ಅವತ್ತು ಊಟಕ್ಕೆ ಬಂದವರು. ಆ ಊಟ ಇನ್ನೂ ಮುಗಿದಿಲ್ಲ.

ಈಗ ಈ ವರ್ಷದ ಸಂಗತಿಗೆ ಬರ್ತೀನಿ. ನಮ್ಮ ಸ್ಕೂಲಿನ ಹಾಡೋ ತಂಡ ಜೂನ್‌ನಲ್ಲಿ ಇಂಗ್ಲೆಂಡಿನ ಯಾರ್ಕ್‌ಗೆ ಹೋಗುತ್ತೆ. ಊರಿನ ಸುತ್ತ ಕೋಟೆಗೋಡೆ, ನಡುವೆ ಆಕಾಶ ತಿವಿಯೋ ಚರ್ಚು, ಅದರೊಳಗೆ ನಮ್ಮ ಹಾಡು. ನಾನು ಹಿಂದಿನ ಸಾಲಲ್ಲಿ ನಿಂತು ಬಾಯಿ ಆಡಿಸೋ ಕಲಾವಿದ. ನನಗೆ ಪ್ರಾಣ ಹೋದ್ರೂ ಹೋಗ್ಬೇಕು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹತ್ತು ದಿನ ಏನು ತಿಂತೀಯ?"

ಲೈಬ್ರರಿಯಿಂದ ಪ್ರವಾಸದ ಪುಸ್ತಕ ತಂದು, ಯಾರ್ಕಿನಲ್ಲಿ ಎಲ್ಲೆಲ್ಲಿ ಊಟ ಸಿಗುತ್ತೆ ಅನ್ನೋ ಅಧ್ಯಾಯಾನ ಉಪನ್ಯಾಸದ ಥರ ಓದಿದೆ. "ಇಲ್ಲೊಂದು ಟೀ ಅಂಗಡಿ, ಬೆಣ್ಣೆ ಬನ್ನು. ಇಲ್ಲಿ ಇಡೀ ಆಲೂಗಡ್ಡೆ ಸುಟ್ಟು ಹೊಟ್ಟೆ ಸೀಳಿ ಚೀಸ್ ತುಂಬಿ ಕೊಡ್ತಾರೆ." ಮಾಂಸ ಬಂದ ಕಡೆಯೆಲ್ಲ ಪುಟ ತಿರುಗಿಸಿದೆ. ಅಧ್ಯಾಯ ಬೇಗ ಮುಗೀತು. ನಿಜ ಹೇಳ್ಲಾ? ಹತ್ತು ದಿನ ಸಾರಿನ ವಾಸನೆ ಇಲ್ಲದೆ ಬದುಕಬೇಕು ಅನ್ನೋದೇ ನನ್ನ ಜೀವನದ ಗುರಿ ಆಗಿತ್ತು.

ಅಮ್ಮ ಹೇಳಿದ್ಲು, "ಊಟಕ್ಕೆ ಒಂದು ಮನೆ ತೋರಿಸು, ಕಳಿಸ್ತೀನಿ. ಇಲ್ಲಾಂದ್ರೆ ಹೋಗೋದು ಬೇಡ. ಮುಂದಿನ ಶನಿವಾರದ ತನಕ ನೋಡ್ತೀನಿ, ಆಮೇಲೆ ಸೋಮವಾರ ನಿಮ್ಮ ಮೇಡಂಗೆ ಹಾಗೇ ಹೇಳಿಬಿಡು."

ಮಾವ ಮಜ್ಜಿಗೆ ಲೋಟ ಕೆಳಗಿಟ್ರು. "ಯಾರ್ಕ್ ತಾನೇ? ಎಂತ ಮಹಾ!"

ಮಾರನೇ ಶನಿವಾರ ಬೆಳಿಗ್ಗೆ ಅಮ್ಮ ಅಂಗಡಿಗೆ ಹೋಗಿದ್ಲು. ಯಾರ್ಕಿನಲ್ಲಿ ಆಗ ಸಂಜೆ. ಮಾವ ನಮ್ಮ ಅಪ್ಪ-ಅಮ್ಮನ ರೂಮಿನ ಫೋನಲ್ಲಿ ಸ್ಪೀಕರ್ ಒತ್ತಿ, ಹೊರದೇಶದ ನಂಬರ್ ಹುಡುಕಿಕೊಡೋ ಆಪರೇಟರ್‌ನ ಹಿಡಿದ್ರು.

"ಯಾರ್ಕಿನಲ್ಲಿ ಅಡಿಗ ಅಂತ ಯಾರಾದ್ರೂ?"

"ಇಲ್ಲ ಸರ್."

"ಆಚಾರ್ಯ?"

"ಇಲ್ಲ."

"ಬಲ್ಲಾಳ? ಭಟ್? ಹೆಗ್ಡೆ?"

"ಸರ್, ಇವರೆಲ್ಲ ನಿಮ್ಮ ಸಂಬಂಧಿಕರಾ?"

"ಇನ್ನೂ ಅಲ್ಲ."

ಕಾಮತ್ ಇರಲಿಲ್ಲ. ಕುಲಕರ್ಣಿ ಒಬ್ಬರಿದ್ರು. "ಮರಾಠಿಯವರಾದ್ರೂ ಆಗಿರಬಹುದು, ನೋಡುವ" ಅಂತ ಮಾವ ಡಯಲ್ ಮಾಡಿದ್ರು. ತುಂಬ ಹೊತ್ತು ರಿಂಗ್ ಆಯ್ತು. ಆಮೇಲೆ ಸಣ್ಣಗೆ, ವಯಸ್ಸಾದ ಹೆಂಗಸಿನ "ಹಲೋ?"

"ನಿಮಗೆ ಕನ್ನಡ ಬರ್ತದಾ?"

ಆ ಕಡೆ ಕುರ್ಚಿ ಎಳೆದ ಸದ್ದಾಯ್ತು.

"ಬರ್ತದರೀ," ಅಂತು ಫೋನು. "ಯಾರ್ರೀ ಮಾತಾಡೋದು? ಧಾರವಾಡದಿಂದನ? ಏನಾತು?"

"ಗಾಬರಿ ಆಗ್ಬೇಡಿ ಅಕ್ಕ, ಎಂತದೂ ಆಗ್ಲಿಲ್ಲ. ನಾನು ಕ್ಯಾಲಿಫೋರ್ನಿಯಾದಿಂದ ಮಾತಾಡುದು." ಮಾವ ನನ್ನ ಪುರಾಣ ಎಲ್ಲ ಹೇಳಿದ್ರು. ಹುಡುಗ, ಹಾಡು, ಹತ್ತು ದಿನ, ಸಂಜೆಗೊಂದು ಊಟ. ಕೊನೆಗೆ ಎಂದಿನ ಪ್ರಶ್ನೆ: "ನಿಮ್ಮಲ್ಲಿ ಅನ್ನ ಕುಚ್ಚಲಕ್ಕಿಯದ್ದಾ, ಬೆಳ್ತಿಗೆಯದ್ದಾ?"

ನಾನು ನಗು ತಡ್ಕೊಳ್ಳೋಕೆ ದಿಂಬು ಕಚ್ಚಿದೆ.

"ಅನ್ನನ? ಅನ್ನ ಮಾಡಿ ಭಾಳ ದಿನ ಆತ್ರೀ," ಅಂದ್ರು ಅವರು. "ನಮ್ಮ ಮನಿಯವರು ಹೋದ ಮ್ಯಾಲೆ ಒಬ್ಬಾಕಿಗೆ ಏನ್ ಮಾಡ್ಕೊಳ್ಳೋದು? ಹೊರಗ ಉಂಡು ಬರ್ತೀನಿ. ಯಾರ್ಕ್‌ನಾಗ ಎಲ್ಲಿ ಉಣಬೇಕು ಅಂತ ಕೇಳ್ರಿ, ಎಲ್ಲಾ ಹೇಳ್ತೀನಿ. ಊರ ಸುತ್ತ ಕ್ವಾಟಿಗ್ವಾಡಿ ಅದಲ್ಲ, ಆ ಕಡೆ ಒಂದು ಅಂಗಡಿ ಅದ, ಸೂಪು ಬಿಸಿ ಇರ್ತದ. ಚರ್ಚಿನ ಹಿಂದ ಇನ್ನೊಂದು, ಅಲ್ಲಿ ಕಿಡಕಿ ಕಡೆ ಒಬ್ಬರಿಗೇ ಅಂತ ಸಣ್ಣ ಟೇಬಲ್ ಇಟ್ಟಾರ. ಎಷ್ಟೊತ್ತು ಕೂತ್ರೂ ಏಳ್ರಿ ಅನ್ನೂದಿಲ್ಲ. ಹುಡುಗ ಬರ್ಲಿ. ಆದ್ರ ಅವಗ ಏನ್ ಹಾಕ್ಲಿ? ಕೈ ಮರ್ತು ಹೋಗ್ಯಾವರೀ."

ನಾನು ದಿಂಬು ಬಿಟ್ಟೆ. ಲೈಬ್ರರಿ ಪುಸ್ತಕದಲ್ಲಿ ಆ ಕಿಟಕಿ ಟೇಬಲ್ ವಿಷಯ ಇರಲಿಲ್ಲ.

ಮಾವ ಮಡಿಚಿದ್ದ ಅಂಗಿ ತೋಳನ್ನ ಇನ್ನೊಂದು ಸುತ್ತು ಮಡಿಚಿದ್ರು. ಆಮೇಲೆ ಹೇಳಿದ್ರು, "ಅಕ್ಕ, ನೀವು ಎಂತದೂ ಮಾಡುದು ಬೇಡ. ಹುಡುಗನೇ ಬಂದು ಮಾಡಿ ಹಾಕ್ತಾನೆ."

"ನಾನಾ?!" ನಾನು ಹಾಲು ಕಾಯಿಸಿದ್ರೆ ಮನೆಯವರೆಲ್ಲ ಹೊರಗೆ ಓಡ್ತಾರೆ!

"ಬರ್ತದೇನ್ರೀ ಅವಗ?"

"ಜೂನಿನ ಒಳಗೆ ಕಲೀತಾನೆ. ನಾನು ಕಲಿಸ್ತೇನೆ," ಅಂದ್ರು ಓವನ್‌ನಲ್ಲಿ ಸ್ವೆಟರ್ ಇಟ್ಟ ಮಹಾನುಭಾವರು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಅಮ್ಮ! ಕೈಯಲ್ಲಿ ತರಕಾರಿ ಚೀಲ. ಅವಳ ಮಂಚದ ಮೇಲೆ ನಾವಿಬ್ಬರು, ಫೋನಲ್ಲಿ ಯಾರದೋ ದನಿ. ಎಷ್ಟು ಹೊತ್ತಿಂದ ನಿಂತಿದ್ಲೋ ಗೊತ್ತಿಲ್ಲ. ನನ್ನ ಯಾರ್ಕು, ಚರ್ಚು, ಚೀಸ್ ಆಲೂಗಡ್ಡೆ ಎಲ್ಲಾ ಮುಗೀತು ಅಂದ್ಕೊಂಡೆ.

"ಏಳಿ ಇಬ್ರೂ," ಅಂದ್ಲು. ಚೀಲ ಕೆಳಗಿಟ್ಟು ರಿಸೀವರ್ ಎತ್ತಿದ್ಲು. ಸ್ಪೀಕರ್ ನಿಂತುಹೋಯ್ತು. ಬಾಗಿಲ ಕಡೆ ಬೆರಳು ತೋರಿಸಿದ್ಲು. ನಾವು ಹೊರಗೆ ನಿಂತ್ವಿ, ಆ ಕಡೆ ಮಾತು ಕೇಳಿಸಲಿಲ್ಲ, ಅಮ್ಮಂದಷ್ಟೇ.

"ನಮಸ್ಕಾರ ಅಮ್ಮಾ, ಹುಡುಗನ ತಾಯಿ ನಾನು… ಹೂಂ, ಬರ್ತಾನೆ. ಕಳಿಸ್ತೀನಿ… ಅವನು ಬರೋದು ಜೂನ್‌ಗೆ, ಅಲ್ಲೀತನಕ ಯಾಕೆ ಕಾಯೋದು? ಈಗ ಮನೇಲಿ ಏನಿದೆ ಹೇಳಿ. ಅಕ್ಕಿ ಇದೆಯಾ?… ಬೇಳೆ?… ಸರಿ, ಒಲೆ ಹಚ್ಚಿ ಬನ್ನಿ. ನಾನು ಫೋನ್ ಇಡಲ್ಲ."