ಬೆತ್ತಲೆ ಹೇಮ ಬೇಕರಿ

ಹೆಂಡತಿ: ಅದೆಲ್ಲ ಆಮೇಲೆ. ಮೊದ್ಲು ಹೇಳಿ, ಯಾರ್ರೀ ಅವಳು ಹೇಮ?

ಬೇಕರಿಯವ: ಯಾರೂ ಇಲ್ಲ ಕಣೇ! ನಿನ್ನಾಣೆ!

ಹೆಂಡತಿ: ಯಾರೂ ಅಲ್ದೋಳು ನಮ್ಮ ಬೋರ್ಡ್ ಮೇಲೆ ಬಂದು ಕೂತಳಾ? ಅದೂ ಮೈಮೇಲೆ ಬಟ್ಟೆ ಇಲ್ದೆ?

ಬೇಕರಿಯವನು ಮತ್ತೊಮ್ಮೆ ತಲೆಯೆತ್ತಿ ನೋಡಿದ. ಮೊಳದುದ್ದದ ಕೆಂಪು ಅಕ್ಷರಗಳು ಬೆಳಗಿನ ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು: 'ಬೆತ್ತಲೆ ಹೇಮ ಬೇಕರಿ'. ಹತ್ತು ಗಂಟೆಗೆ ಅಂಗಡಿ ಶುರು. ರಿಬ್ಬನ್ ಕತ್ತರಿಸಲು ಬರುವವರು ಹೆಂಡತಿಯ ಅಪ್ಪ, ಮೂವತ್ತು ವರ್ಷ ಚರ್ಚಿನಲ್ಲಿ ಉಪದೇಶ ಮಾಡಿ ನಿವೃತ್ತರಾದವರು. ಅಂಗಡಿಯ ಜಾಗವೂ ಅವರದೇ. ಯೇಸು ಹುಟ್ಟಿದ ಊರಿನ ಹೆಸರಿಟ್ಟರೆ ಮಾತ್ರ ಜಾಗ, ಹೆಸರು ಕೆಡಿಸಿದರೆ ಬಾಗಿಲಿಗೆ ಬೀಗ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಈಗ ಗಂಟೆ ಒಂಬತ್ತೂಮುಕ್ಕಾಲು. ಬೋರ್ಡ್ ಬರೆದ ಮಹಾನುಭಾವ ಏಣಿಯ ಮೇಲೆ ನಿಂತು ತನ್ನ ಕೈಚಳಕಕ್ಕೆ ತಾನೇ ತಲೆದೂಗುತ್ತಿದ್ದ.

ಬೇಕರಿಯವ: ಇಳಿಯಯ್ಯಾ ಕೆಳಗೆ! ಫೋನಲ್ಲಿ ನಾನು ಏನಂತ ಹೇಳಿದ್ದೆ?

ಪೇಂಟರ್: ಬೆತ್ಲೆಹೇಮ್ ಬೇಕರಿ ಅಂದ್ರಿ ಸಾರ್.

ಬೇಕರಿಯವ: ನೀನು ಬರೆದಿರೋದೇನು?

ಪೇಂಟರ್: ಅದನ್ನೇ, ಶುದ್ಧ ಮಾಡಿ ಬರ್ದಿದೀನಿ. ಜನ ಬಾಯಿಗೆ ಬಂದ ಹಾಗೆ ಮಾತಾಡ್ತಾರೆ, ಬೋರ್ಡ್ ಮೇಲೂ ಹಾಗೇ ಬರೆಯೋಕಾಗುತ್ತಾ? ಮೊನ್ನೆ ಒಬ್ರು 'ಕನ್ನಡ್ಕದ್ ಅಂಗ್ಡಿ' ಅಂದ್ರು, 'ಕನ್ನಡಕದ ಅಂಗಡಿ' ಅಂತ ಬರೆದೆ. ನೀವು 'ಬೆತ್ಲೆ' ಅಂದ್ರಿ, 'ಬೆತ್ತಲೆ' ಮಾಡಿದೆ. 'ಹೇಮ್' ಅಂದ್ರಿ, ಅವಸರದಲ್ಲಿ ಕೊನೇದು ನುಂಗಿದ್ರಿ ಅಂತ 'ಹೇಮ' ಮಾಡಿದೆ.

ಹೆಂಡತಿ: ಇಂಥದ್ದು ಬರೆಯೋವಾಗ ಕೈ ನಡುಗಲಿಲ್ವಾ ನಿಂಗೆ?

ಪೇಂಟರ್: ಇಪ್ಪತ್ತು ವರ್ಷದ ಕಸುಬು ಅಕ್ಕಾ. ಗೆರೆ ನೋಡಿ, ಎಲ್ಲಾದ್ರೂ ನಡುಗಿದ್ಯಾ?

ಬೇಕರಿಯವ: ಅಯ್ಯೋ ಮಹಾರಾಯ, ಅದು ಹೀಬ್ರೂ ಹೆಸರು! ಬೇತ್ ಅಂದ್ರೆ ಮನೆ. ಲೆಹೆಮ್ ಅಂದ್ರೆ ರೊಟ್ಟಿ. ರೊಟ್ಟಿಯ ಮನೆ! ಬ್ರೆಡ್ ಮಾರೋ ಅಂಗಡಿಗೆ ಹೇಳಿ ಮಾಡಿಸಿದ ಹೆಸರು ಅಂತ ಮಾವ ಆರಿಸಿ ಕೊಟ್ಟಿದ್ದು.

ಪೇಂಟರ್: ಹಾಗಂತ ಬಾಯಿ ಬಿಟ್ಟು ಹೇಳೋದಲ್ವಾ? ಬೆತ್ತಲೆ ಅಂದ್ರೆ ಪ್ಲಾಸ್ಟಿಕ್ ಸುತ್ತದ ಬ್ರೆಡ್ ಅಂದ್ಕೊಂಡೆ.

ಹೆಂಡತಿ: ಮತ್ತೆ ಹೇಮ?

ಪೇಂಟರ್: ಹೇಮ ಅಂದ್ರೆ ಚಿನ್ನ. ಬ್ರೆಡ್ಡಿನ ಬಣ್ಣ.

ಹೆಂಡತಿ: ಹಾಗಾದ್ರೆ ಹೆಂಗಸಲ್ಲ ತಾನೆ? ಸದ್ಯ!

ಅವಳಿಗೇನೋ ಜೀವ ಬಂತು. ಗಂಡನಿಗೆ ಹೋಗುತ್ತಿತ್ತು. ಬೋರ್ಡಿನ ಕೆಳಗೆ ಆಗಲೇ ಇಪ್ಪತ್ತು ಮೂವತ್ತು ಜನ ಕತ್ತು ಮೇಲೆತ್ತಿ ನಿಂತಿದ್ದರು. ಅವನು ಒಳಗಿನಿಂದ ಮೇಜಿನ ಬಟ್ಟೆ ತಂದು, ಏಣಿ ಹತ್ತಿ, ಮೊದಲ ಮೂರಕ್ಷರಕ್ಕೆ ಹೊದಿಸಿ ಇಳಿಯುವಷ್ಟರಲ್ಲಿ ಕೊಡೆ ಊರಿಕೊಂಡು ಮಾವ ಬಂದೇಬಿಟ್ಟರು.

ಮಾವ: ಬೋರ್ಡಿಗೆ ಯಾಕೆ ಬಟ್ಟೆ?

ಪೇಂಟರ್: ತೆಗೆದ್ರೆ ಬೆತ್ತಲೆ ಕಾಣುತ್ತೆ ಸಾರ್.

ಮಾವ ಕೊಡೆಯ ಹಿಡಿಯ ಕೊಕ್ಕೆಯಿಂದ, ಕೆಳಗೆ ಜೋತುಬಿದ್ದಿದ್ದ ಬಟ್ಟೆ ಎಳೆದುಹಾಕಿದರು. ಒಂದು ಸಲ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಬೇಕರಿಯವನು ಕಣ್ಣು ಮುಚ್ಚಿಕೊಂಡ. ಮುಗಿಯಿತು, ಅಂಗಡಿ ತೆರೆಯುವ ಮೊದಲೇ ಬೀಗ ಬಿತ್ತು!

ಒಬ್ಬ ದಾರಿಹೋಕ: ಯಜಮಾನ್ರೇ, ಇದಕ್ಕೆ ಅರ್ಥ ಏನು?

ಮಾವ: ಏನಂದ್ರಿ?

ದಾರಿಹೋಕ: ಈ ಹೆಸರಿಗೆ ಅರ್ಥ ಏನು ಅಂತ. ಎಲ್ರೂ ಅದನ್ನೇ ಕೇಳ್ತಾ ನಿಂತಿದೀವಿ.

ಮಾವನ ಕಣ್ಣು ತುಂಬಿ ಬಂತು.

ಮಾವ: ಅಳಿಯಂದ್ರೇ, ಮೂವತ್ತು ವರ್ಷ ಆ ಊರಿನ ಹೆಸರಿನ ಅರ್ಥ ಬಿಡಿಸಿ ಬಿಡಿಸಿ ಹೇಳಿದೆ. ಅರ್ಧ ಜನ ತೂಕಡಿಸ್ತಿದ್ರು, ಇನ್ನರ್ಧ ಗಡಿಯಾರ ನೋಡ್ತಿದ್ರು. ತಾವಾಗೇ ಬಂದು ಕೇಳ್ತಿರೋದು ಇವತ್ತೇ ಮೊದಲು! ಆ ಬೋರ್ಡಿನ ಒಂದಕ್ಷರ ಮುಟ್ಟಬೇಡಿ. ಒಂದು ಸ್ಟೂಲ್ ತನ್ನಿ.

ಸ್ಟೂಲ್ ಬಂತು. ಮಾವ ಹತ್ತಿದರು. ಬೇತ್ ಆಯಿತು, ಲೆಹೆಮ್ ಆಯಿತು. ಊರ ಸುತ್ತಲಿನ ಜವೆಗೋಧಿ ಹೊಲಗಳಾದವು. ರೊಟ್ಟಿಯ ಮನೆ ಎನಿಸಿಕೊಂಡ ಊರಿಗೇ ಒಮ್ಮೆ ಬರ ಬಂದು ಜನ ಗುಳೆ ಹೋದ ಕತೆ ಶುರುವಾಗುವಾಗ ಗಂಟೆ ಹನ್ನೊಂದೂವರೆ. ರಿಬ್ಬನ್ ಇನ್ನೂ ಕಟ್ಟಿದ ಹಾಗೇ ಇತ್ತು. ಬ್ರೆಡ್ ತಣ್ಣಗಾಗಿತ್ತು. ಬನ್ನು ಕೊಳ್ಳಲು ಬಂದ ಇಬ್ಬರನ್ನು ಜನವೇ 'ಶ್!' ಎಂದು ಗದರಿ ಕೂರಿಸಿದರು.

ಬೇಕರಿಯವನು ಮೆಲ್ಲಗೆ ಪೇಂಟರ್ ಪಕ್ಕಕ್ಕೆ ಸರಿದ.

ಬೇಕರಿಯವ: ರಾತ್ರೋರಾತ್ರಿ ಅದನ್ನ ಸರಿಯಾಗಿ ಬರೆದುಬಿಡಯ್ಯಾ, ಕೈಮುಗೀತೀನಿ.

ಪೇಂಟರ್: ಮುಟ್ಟಬೇಡಿ ಅಂದ್ರಲ್ಲ ಮಾವನೋರು? ಜನ ಎಷ್ಟು ಆಸೆಯಿಂದ ಅರ್ಥ ಕೇಳ್ತಿದಾರೆ ನೋಡಿ!

ಬೇಕರಿಯವ: ಅದಕ್ಕೇ ಕಣಯ್ಯಾ. ಹೆಸರು ಸರಿಯಾಗಿದ್ರೆ ಯಾರೂ ಅರ್ಥ ಕೇಳಲ್ಲ. ಬ್ರೆಡ್ ಕೇಳ್ತಾರೆ!