ಗಾಳಿ ಕಟ್ಟಿದ ಬರಣಿ

ಆಳಂದದ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಜೀವಶಾಸ್ತ್ರ ಬೋಧಿಸುತ್ತಿರುವ ಹಫೀಜ ಮಾಸ್ತರನೆಂಬ ನಾನು, ಚೆನ್ನಾಗಿ ಹುದುಗು ಬಂದ ಖಮೀರಿ ರೊಟ್ಟಿಯಿಂದಲೇ ಅತ್ತೆಯ ಮನಸ್ಸು ಗೆದ್ದು ತೀರುತ್ತೇನೆಂದು ಪಣ ತೊಟ್ಟೆ!

ಗೆಲ್ಲಲೇಬೇಕಿತ್ತು. ಹೆಂಡತಿ ಫರಹೀನ ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ನರ್ಸು. ತಾಯಿ ಚಮನಬಿಯ ಜೊತೆ ಅಲ್ಲೇ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಬಂದು ಭಾನುವಾರ ಬಸ್ಸು ಹತ್ತುತ್ತಾಳೆ. ಅವಳು ಹೋದ ಮೇಲೆ, ಅವಳು ಚಹಾ ಕುಡಿದಿಟ್ಟ ಕಪ್ಪನ್ನು ಎರಡು ದಿನ ನಾನು ತೊಳೆಯುವುದಿಲ್ಲ. ನಗಬೇಡಿ, ನಿಮ್ಮ ಹೆಂಡತಿ ನಿಮ್ಮ ಮನೆಯಲ್ಲೇ ಇದ್ದಾಳೆ.

ವರ್ಗಾವಣೆ ಅರ್ಜಿಗೆ ಸೋಮವಾರವೇ ಕೊನೆಯ ದಿನ.

"ಅಮ್ಮೀ ಆಳಂದಕ್ಕ ಬರ್ತೇನಿ ಅಂದ್ರ ಅರ್ಜಿ ಹಾಕ್ತೇನ್ರಿ. ಆಕಿನ್ನ ಒಬ್ಬಾಕಿನ್ನೇ ಬಿಟ್ಟು ನಾ ಬರಂಗಿಲ್ಲ" ಎಂದಿದ್ದಳು ಫರಹೀನ.

ಈ ಶನಿವಾರ ಅತ್ತೆಯೂ ಬರುವವರಿದ್ದರು. ಅವರಿಗೆ ಖಮೀರಿ ರೊಟ್ಟಿಯೆಂದರೆ ಪ್ರಾಣ. ತಿನ್ನಿಸಿ ಒಪ್ಪಿಸುವುದು ನನ್ನ ಮಹಾಯೋಜನೆ.

ಗುರುವಾರವೇ ಮೈದಾ, ಸಕ್ಕರೆ, ಈಸ್ಟು, ನೀರು ಕಲಸಿ ಬರಣಿಗೆ ತುಂಬಿದೆ. ಇರುವೆ ನುಗ್ಗದಿರಲೆಂದು ಮುಚ್ಚಳ ಬಿಗಿದೆ, ಅದರ ಮೇಲೆ ಟೇಪು ಸುತ್ತಿದೆ, ಟೇಪಿನ ಮೇಲೆ ಸೈಕಲ್ ಟ್ಯೂಬು ಕಟ್ಟಿದೆ. ಗಾಳಿ ಸಿಕ್ಕರೆ ಈಸ್ಟು ಸಕ್ಕರೆಯನ್ನು ಪೂರ್ತಿ ಉರಿಸಿ, ಹೊಟ್ಟೆ ತುಂಬಿಸಿಕೊಂಡು, ಸಂಸಾರ ಬೆಳೆಸುತ್ತದೆ. ಗಾಳಿ ಕಟ್ಟಿದರೆ ಸಕ್ಕರೆಯನ್ನು ಅರ್ಧಂಬರ್ಧ ಮುರಿದು, ಗ್ಯಾಸು ಮತ್ತು ಆಲ್ಕೋಹಾಲು ಮಾಡಿ, ಹೇಗೋ ದಿನ ದೂಡುತ್ತದೆ. ಪ್ರತಿ ವರ್ಷ ನಾನೇ ಬರೆಸುವ ಪಾಠ. ಮಕ್ಕಳಿಗೆ ನೆನಪಿರುತ್ತದೆ, ನನಗಿರಲಿಲ್ಲ.

ಶನಿವಾರ ಅತ್ತೆ ಹೊಸ್ತಿಲು ದಾಟಿದ್ದೇ ತಡ, ಅವರ ಕಣ್ಣೆದುರೇ ಟ್ಯೂಬು ಬಿಚ್ಚಿದೆ. ಢಂ! ಮುಚ್ಚಳ ಹಾರಿ ಸೂರಿಗೆ ಬಡಿಯಿತು. ಒಳಗಿದ್ದದ್ದೆಲ್ಲ ನನ್ನ ತಲೆ, ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾದ ಮೇಲೆ. ಮನೆ ತುಂಬ ಸಾರಾಯಿ ಅಂಗಡಿಯ ವಾಸನೆ.

ಚಮನಬಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ತೌಬಾ ತೌಬಾ. ಮನ್ಯಾಗೇ ಮಾಡ್ಕೊಂಡು ಕುಡಿಯಾಕತ್ತೀ ಏನಪಾ?"

"ಇಲ್ರಿ ಅಮ್ಮೀ, ಇದು ರೊಟ್ಟಿ ಹಿಟ್ಟು."

"ಹಿಟ್ಟಿಗಿ ಇಂಥಾ ನಾತ ಬರ್ತದೇನು? ಫರಹೀನ, ಒಬ್ಬನ್ನೇ ಬಿಟ್ಟಿದ್ದಕ್ಕ ಗಂಡ ಕೆಟ್ಟಾನ ನೋಡು. ಸೋಮವಾರ ಅರ್ಜಿ ಹಾಕು. ನಾನೂ ಇಲ್ಲೇ ಬಂದು ಕುಂದರ್ತೇನಿ. ಹೆಂಗ ಕುಡೀತಾನ ನೋಡ್ತೇನಿ."

ಅವರ ಬೆನ್ನ ಹಿಂದೆ ಫರಹೀನ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ನಾನು ಸುಮ್ಮನಿರುವವನೇ? ಒಂದು ಹನಿ ಮುಟ್ಟದ ನನ್ನ ಮೂರು ತಲೆಮಾರಿಗೆ ಕಳಂಕ!

ಭಾನುವಾರ ನಸುಕಿನಲ್ಲೇ ಪ್ರಯೋಗಕ್ಕೆ ಕೂತೆ. ಒಂದಿಷ್ಟು ಸಕ್ಕರೆ ನೀರು, ಈಸ್ಟು ಬಾಟಲಿಗೆ ಹಾಕಿ ಬಿರಡೆ ಬಿಗಿದೆ. ಚಿಟಿಕೆ ಸಕ್ಕರೆಯ ಜೊತೆ ಇನ್ನೊಂದಿಷ್ಟು ಈಸ್ಟನ್ನು ಪರಾತವೆಂಬ ಅಗಲವಾದ ತಟ್ಟೆಗೆ ಸುರಿದು, ಗಾಳಿ ತಾಗಲೆಂದು ಕಡೆಯುತ್ತ ಕುಳಿತೆ. ಫರಹೀನ ಮೂರು ಸಲ ಬಂದಳು.

"ಸಾಕ್ ಬರ್ರಿ, ಚಹಾ ಆರಾಕತ್ತದ. ಜರಾ ನನ್ನ ಬಾಜೂ ಕುಂದರ್ರಿ."

"ಖರೇ ಏನದ ಅದು ಹೊರಗ ಬರ್ಲಿ ತಡಿ" ಎಂದೆ. ಹದಿನೈದು ದಿನ ಹಂಬಲಿಸಿ ಕಾದಿದ್ದ ಒಂದೇ ಒಂದು ಹಗಲನ್ನು ಹೀಗೆ ಕಡೆದು ಮುಗಿಸಿದೆ.

ಮೂರು ಗಂಟೆಗೆ, ಗಾಳಿ ಕಟ್ಟಿದ್ದಕ್ಕೇ ನಿನ್ನೆಯ ನಾತ ಎಂದು ವಿವರಿಸಿ, ಅತ್ತೆಗೆ ಎರಡನ್ನೂ ಮೂಸಲು ಕೊಟ್ಟೆ. ಬಾಟಲಿ ಸಾರಾಯಿಯಂತೆ ನಾರಿತು, ಪರಾತದಿಂದ ಬರೀ ಈಸ್ಟಿನ ವಾಸನೆ. ಸತ್ಯಕ್ಕೆ ಜಯ! ಚಮನಬಿ ಇನ್ನೊಮ್ಮೆ ಮೂಸಿ ನನ್ನ ತಲೆ ಸವರಿದರು.

"ನಂದೇ ತಪ್ಪಾತು ಬೇಟಾ. ನೀ ಬಂಗಾರದಂಥ ಮನಷ್ಯಾ. ನಿನ್ನ ಒಬ್ಬನ್ನೇ ಬಿಟ್ರ ಏನೂ ಫಿಕರ್ ಇಲ್ಲ. ನಡಿ ಫರಹೀನ, ಬಸ್ಸಿನ ಹೊತ್ತಾತು. ಅರ್ಜಿ ಮುಂದಿನ ವರ್ಷ ನೋಡೂಣು."

ಬಸ್ ನಿಲ್ದಾಣದಲ್ಲಿ ಅವರ ಚೀಲ ಬಸ್ಸಿಗೇರಿಸಿ ಫರಹೀನಳ ಕಿಟಕಿಯ ಕೆಳಗೆ ನಿಂತೆ. ಇನ್ನೊಂದು ವರ್ಷ ಇವಳಿಲ್ಲದೆ ಹೇಗೆ ಕಳೆಯಲಿ? ಬಸ್ಸು ಗುರುಗುಟ್ಟತೊಡಗಿದಾಗ ಫರಹೀನ ಕಿಟಕಿಯಿಂದ ಕೈ ಚಾಚಿ ನನ್ನ ಬೆರಳು ಹಿಡಿದಳು. ಅವಳ ಕಣ್ಣು ತುಂಬಿತ್ತು.

"ಮುಂದಿನ ವರ್ಷ ಅಮ್ಮೀ ನಿಮ್ಮನ್ನ ಕುಡುಕ ಅಂದ್ರ" ಎಂದಳು ಮೆಲ್ಲಗೆ, "ನನ್ನ ಸಲುವಾಗಿ ಹೌದ್ರಿ ಅಂದುಬಿಡ್ರಿ."