ನಾಲ್ಕು ನಿಮಿಷದ ರೈಟರ್

ಎಲ್ಲ ಅನಾಹುತಕ್ಕೂ ಕಾರಣ ಸಾಹುಕಾರ್ ಕುಟ್ಟಪ್ಪನವರ ಔದಾರ್ಯ. ಮದರಾಸಿನಿಂದ ತಂದು, ಮೊಮ್ಮಗನ ನಾಮಕರಣದಲ್ಲಿ ಒಂದು ಸಲ ತಿರುಗಿಸಿ, ಆಮೇಲೆ ಬೀರುವಿನಲ್ಲಿ ಮಲಗಿಸಿದ್ದ ಸಿನಿಮಾ ಕ್ಯಾಮೆರಾವನ್ನು ಅವರು "ಭಾನುವಾರ ಒಂದಿನ ಇಟ್ಕೋ, ಸಂಜೆಗೆ ವಾಪಸ್ ಕೊಡು" ಎಂದು ಪದ್ಮಯ್ಯನ ಕೈಗೆ ಕೊಟ್ಟುಬಿಟ್ಟರು. ಒಳಗಿದ್ದದ್ದು ಒಂದೇ ರೀಲು. ಓಡಿದರೆ ನಾಲ್ಕು ನಿಮಿಷ. ಮಡಿಕೇರಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಗಾಳಿಬೀಡಿನ ಪದ್ಮಯ್ಯನಿಗೆ ಲೋಕವನ್ನು ಬುಡಮೇಲು ಮಾಡಲು ಅಷ್ಟು ಧಾರಾಳವಾಗಿ ಸಾಕಿತ್ತು.

"ಕಾಫಿ ಕೊಯ್ಲಿನ ಚಿತ್ರ ತೆಗೀತೇನೆ" ಎಂದಷ್ಟೇ ಅವನು ಸಾಹುಕಾರರಿಗೆ ಹೇಳಿದ್ದ. ಕೊಯ್ಲು ಸುಳ್ಳಲ್ಲ. ಆದರೆ ಕತೆ ಇದ್ದದ್ದು ಸಂಜೆಯ ಕಣದಲ್ಲಿ. ದಿನವಿಡೀ ಹಣ್ಣು ಕೊಯ್ದ ಹೆಂಗಸು ಚೀಲ ತಂದು ಇಳಿಸುತ್ತಾಳೆ. ತೋಟದ ಲೆಕ್ಕ ಬರೆಯುವ ರೈಟರ್ ಡಬ್ಬದಲ್ಲಿ ಅಳೆಯುತ್ತಾನೆ. ಡಬ್ಬ ತುಂಬಿದರೆ ಅವನಿಗೆ ಸಾಲದು. ಮೇಲೆ ಗೋಪುರ ಎದ್ದು ನಿಲ್ಲುವವರೆಗೆ ಸುರಿಸಿ ಆಮೇಲೆ "ಒಂದು" ಎನ್ನುತ್ತಾನೆ. ಡಬ್ಬಕ್ಕೆ ಕೂಲಿ ಉಂಟು, ಗೋಪುರಕ್ಕಿಲ್ಲ. ಸುತ್ತಲಿನ ತೋಟಗಳಲ್ಲಿ ದಿನಾ ಸಂಜೆ ಹೀಗೆ ಗೋಪುರಗಳು ಏಳುತ್ತಿದ್ದವು, ದೇವರಿಲ್ಲದ ಗೋಪುರಗಳು. ಕಾಲೇಜ್ ಡೇ ದಿನ ಮುಂದಿನ ಸಾಲಿನಲ್ಲಿ ಕೂರುವ ತೋಟದವರೆಲ್ಲ ಇದನ್ನು ಪರದೆಯ ಮೇಲೆ ನೋಡಬೇಕು, ನೋಡಿ ಕುರ್ಚಿಯಲ್ಲೇ ಬೆವರಬೇಕು. ಪದ್ಮಯ್ಯನ ಆಸೆ ಅಷ್ಟೆ. ಅದಕ್ಕೆ ರೀಲು ಸೋಮವಾರವೇ ಬೊಂಬಾಯಿಗೆ ತೊಳೆಯಲು ಹೋಗಬೇಕು. ಅಂದರೆ ಇವತ್ತು ಬಿಟ್ಟರೆ ಇಲ್ಲ.

ಬೇಕಾದದ್ದು ಮೂರೇ ಪಾತ್ರ: ಕುರ್ಚಿಯಲ್ಲಿ ಕೂತು ನೋಡುವ ಸಾಹುಕಾರ, ಅಳೆಯುವ ರೈಟರ್, ಹೊರುವ ಹೆಂಗಸು.

ಬೆಳಗ್ಗೆ ಮಂಜು ಕರಗುವ ಮೊದಲೇ ಪಕ್ಕದ ಮನೆಯ ನಾಗೇಶ್ವರ ಮೇಷ್ಟ್ರು ಕರಿಕೋಟು ಹಾಕಿಕೊಂಡು, ಗುಂಡಿಗೆ ಗುಲಾಬಿ ಸಿಕ್ಕಿಸಿಕೊಂಡು ಬಂದು ನಿಂತರು.

"ನಾನು ಸುಮ್ಮನೆ ಕೂತರೆ ಸಾಕು ಕಣಯ್ಯಾ, ಸಾಹುಕಾರಿಕೆ ತಾನಾಗಿ ಉಕ್ಕುತ್ತೆ."

"ರೈಟರ್ ಪಾರ್ಟು ಮಾಡ್ತೀರಾ ಮೇಷ್ಟ್ರೇ? ಅದರಲ್ಲಿ ನಟನೆಗೆ ಜಾಸ್ತಿ ಅವಕಾಶ."

"ಶಿವ ಶಿವಾ, ಕಳ್ಳನ ಪಾರ್ಟು! ನಾಳೆ ಮಕ್ಕಳ ಮುಂದೆ ಹೇಗೆ ನಿಲ್ಲಲಿ?"

"ಸಾಹುಕಾರನೂ ಕಳ್ಳನೇ."

"ಇರಬಹುದು. ಆದರೆ ಅವನು ಕೂತಿದಾನಲ್ಲ!"

ಹಣ್ಣು ಕೊಯ್ಯುವವಳಾಗಲು ಸಹಪಾಠಿ ಯಮುನ ಒಪ್ಪಿದ್ದಳು. ಮಗಳ ಬದಲು ಅವಳ ತಾಯಿ ಪೂವಮ್ಮ ಬಂದರು, ಒಲೆಯಿಂದ ಈಗಷ್ಟೇ ಎಳೆದ ಕೊಳ್ಳಿಯ ಹಾಗೆ.

"ಎಂಥ ಪದ್ಮಯ್ಯ, ನನ್ನ ಮಗ್ಳು ಚೀಲ ಹೊರೊಕಾ? ನೋಡಿದವ್ರು ಎಂಥ ಹೇಳುವೊ? ನಾಳೆ ಅವಳಿಗೆ ಗಂಡು ಸಿಕ್ಕುದು ಬೇಡವಾ?"

"ಅತ್ತೆ, ಇದು ಬರೀ ಚಿತ್ರ..."

"ಚಿತ್ರ ಆದ್ರೆ ಸಾಹುಕಾರ್ತಿ ಮಾಡು. ಜರಿ ಸೀರೆ ನಾನೇ ಕೊಟ್ಟನೆ."

"ಕತೆಯಲ್ಲಿ ಸಾಹುಕಾರ್ತಿ ಇಲ್ಲ."

"ಇಲ್ಲೆ ಅಂದ್ರೆ ಸೇರ್ಸು. ಕತೆ ಎಂಥ, ದೇವರು ಬರ್ದದಾ?"

ಕ್ಯಾಮೆರಾ ಹಿಡಿಯಲು ಬಂದಿದ್ದ ಗೆಳೆಯ ಉತ್ತಯ್ಯ ಇದನ್ನೆಲ್ಲ ನೋಡಿ ನಕ್ಕ. "ಮಾರಾಯ, ಕೂಲಿಯವರ ಚಿತ್ರಕ್ಕೆ ಕೂಲಿಯವರನ್ನೇ ಹಾಕು. ವೇಷದ ಖರ್ಚೂ ಇಲ್ಲ."

ಪದ್ಮಯ್ಯನಿಗೆ ಮೈ ಜುಮ್ಮೆಂದಿತು. ಕಾಲೇಜಿನ ಓದಿನ ಬಳಗದಲ್ಲಿ ಅವನು ವರ್ಷಗಟ್ಟಲೆ ವಾದಿಸಿದ್ದೂ ಇದನ್ನೇ ಅಲ್ಲವೆ! ಇಬ್ಬರೂ ಕುಟ್ಟಪ್ಪನವರ ತೋಟದಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನಿನ ಕಡೆ ನಡೆದರು. ಮೇಷ್ಟ್ರು ಹಿಂದೆ ಬಂದರು. ಲೈನಿನಲ್ಲಿ ಕುರ್ಚಿ ಇರಲಾರದೆಂದು ಮನೆಯ ಬೆತ್ತದ ಕುರ್ಚಿಯನ್ನು ತಾವೇ ತಲೆಯ ಮೇಲೆ ಹೊತ್ತು ತಂದರು.

ಭಾನುವಾರ ಲೈನಿಗೆ ರಜೆ. ತೋಟದ ರೈಟರ್ ಮೂರ್ನಾಡಿಗೆ ಹೋಗಿದ್ದ. ಹಣ್ಣು ಕೊಯ್ಯುವ ಸಣ್ಣಿ ತನ್ನ ಮನೆ ಬಾಗಿಲಲ್ಲಿ ಕೂತು ನೆರೆಮನೆಯ ಚಿಕ್ಕಿಯ ತಲೆ ಬಾಚುತ್ತಿದ್ದಳು. ವಿಷಯ ಕೇಳಿ ಬಾಚಣಿಗೆ ನಿಲ್ಲಿಸಿದಳು.

"ಪಿಚ್ಚರ್‌ನಲ್ಲಿ ನಾನು ಎಂತ ಮಾಡೋದಯ್ಯ?"

"ನೀನು ದಿನಾ ಮಾಡೋದೇ. ಹಣ್ಣು ಕೊಯ್ದು, ಚೀಲ ಹೊತ್ತು, ಕಣಕ್ಕೆ ತರೋದು."

"ಅದನ್ನ ನೋಡಕ್ಕೆ ಪಿಚ್ಚರ್ ಬೇಕಾ? ಆ ಕುರ್ಚಿ ಯಾರಿಗೆ?"

"ಸಾಹುಕಾರಂಗೆ" ಎಂದರು ಮೇಷ್ಟ್ರು, ಕೂತಲ್ಲಿಂದಲೇ.

"ಆರು ದಿನ ಹೊರ್ತೀನಿ, ಏಳ್ನೇ ದಿನ ಪಿಚ್ಚರ್‌ನಲ್ಲೂ ಹೊರಬೇಕಾ? ನನ್ನನ್ನ ಕೂರ್ಸಿ, ಈ ಮೇಷ್ಟ್ರಿಗೆ ಚೀಲ ಹೊರ್ಸಿ. ಕುರ್ಚಿ ಹೊತ್ತು ಅಭ್ಯಾಸ ಆಗ್ಯದೆ."

ಲೈನೆಲ್ಲ ಗೊಳ್ಳೆಂದಿತು. ಮೇಷ್ಟ್ರು ಕುರ್ಚಿಯ ಕೈಗಳನ್ನು ಬಸ್ಸಿನ ಕಂಬಿಯ ಹಾಗೆ ಹಿಡಿದುಕೊಂಡರು. ಪದ್ಮಯ್ಯ ಗೋಪುರದ ವಿಷಯ ಬಿಡಿಸಿ ಹೇಳಿದ. ದೊಡ್ಡವರೆಲ್ಲ ನೋಡುತ್ತಾರೆ, ಕಳ್ಳತನ ಬಯಲಾಗುತ್ತದೆ ಎಂದ. ಸಣ್ಣಿಯ ನಗು ನಿಂತಿತು. ಬಾಚಣಿಗೆಯನ್ನು ಚಿಕ್ಕಿಯ ಕೈಗಿಟ್ಟು ಎದ್ದಳು.

"ಬರ್ತೀವಿ. ಕೊಯ್ದದ್ದು ಲೆಕ್ಕಕ್ಕೆ ಬರ್ತದಾ?"

"ಎಲ್ಲಾ ಬರ್ತದೆ, ಬೇಗ ಹೊರಡಿ" ಎಂದ ಪದ್ಮಯ್ಯ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಆಕಾಶ ನೋಡುತ್ತ.

ರೈಟರ್ ಪಾತ್ರಕ್ಕೆ ಮಾತ್ರ ಲೈನಿನ ಒಬ್ಬ ಗಂಡಸೂ ಮುಂದೆ ಬರಲಿಲ್ಲ. "ಬೇಡಯ್ಯ, ಆ ಪಾರ್ಟು ಮಾಡಿದ್ರೆ ಹೆಂಡ್ತಿ ಗಂಜಿ ಹಾಕಕಿಲ್ಲ" ಎಂದ ಒಬ್ಬ. ಉಳಿದವನು ಪದ್ಮಯ್ಯನೇ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ.

ಹೆಂಗಸರು ಹೊರಟು ಬಂದದ್ದು ನೋಡಿ ಅವನು ಹಣೆ ಚಚ್ಚಿಕೊಂಡ. ಎಲ್ಲರೂ ಮದುವೆಗೆ ಹೊರಟವರಂತೆ ಹೂ ಮುಡಿದಿದ್ದರು. ಚಿಕ್ಕಿ ಮುಖಕ್ಕೆ ಪೌಡರ್ ಬಳಿದು ಅಕ್ಕಿಹಿಟ್ಟಿನ ಡಬ್ಬಕ್ಕೆ ಬಿದ್ದ ಬೆಕ್ಕಿನ ಹಾಗಿದ್ದಳು. ಅದನ್ನೆಲ್ಲ ತೊಳೆಸಿ, ಹಳೆ ಸೀರೆ ಉಡಿಸುವಷ್ಟರಲ್ಲಿ ಬಿಸಿಲು ಏರಿತು.

"ನಟನೆ ಬೇಡ, ನಿಜವಾಗಿ ಕೊಯ್ಯಿರಿ!" ಎಂದು ಪದ್ಮಯ್ಯ ಕೂಗಿದ. ಕೊಯ್ದರು. ಕ್ಯಾಮೆರಾ ಕಂಡೊಡನೆ ಸಣ್ಣಿಗೆ ನಗು. ಇರುವುದು ಒಂದೇ ರೀಲು, ತಪ್ಪಾಗುವ ಹಾಗಿಲ್ಲ. ಅದಕ್ಕೇ ರೀಲು ಬಿಡದೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ. ಮತ್ತೆ ಗುಡ್ಡ ಇಳಿದರು, ಮತ್ತೆ ಕೊಯ್ದರು, ಮತ್ತೆ ಚೀಲ ಹೊತ್ತು ಹತ್ತಿದರು. ಮಧ್ಯಾಹ್ನದ ಗಂಜಿಯನ್ನು "ಬೆಳಕು ಹೋಗ್ತದೆ" ಎಂದು ತಡೆದ. ನಗು ತಾನಾಗಿಯೇ ನಿಂತಿತು. "ಏಯ್, ಅಲ್ಲೇನು ಹರಟೆ? ಕೈ ಓಡ್ಲಿ!" ಎಂದು ಅವನು ಕಿರುಚಿದಾಗ ಚಿಕ್ಕಿ ಬೆಚ್ಚಿ ಹಿಂತಿರುಗಿ ನೋಡಿದಳು, ನಿಜವಾದ ರೈಟರ್ ಬಂದನೋ ಎಂದು.

ಸಂಜೆಗೆ ರೀಲು ಓಡಿತು. ಡಬ್ಬ ತುಂಬಿತು, ಗೋಪುರ ಎದ್ದಿತು. "ಒಂದು" ಎಂದ ಪದ್ಮಯ್ಯ. ಸಣ್ಣಿ ತಲೆಯೆತ್ತಿ ಅವನನ್ನು ನೋಡಿದಳು. ಎಂಥ ನೋಟ ಅದು! ಹಸಿವು, ಸಿಟ್ಟು, ಬೇಸರ, ಯಾವ ನಟಿಗೂ ಬಾರದ್ದು. ಕ್ಯಾಮೆರಾ ಟಕ್ಕೆಂದು ನಿಂತಾಗ ಪದ್ಮಯ್ಯನ ಕಣ್ಣು ತುಂಬಿತ್ತು.

ಆಗಲೇ ಜೀಪು ಬಂತು. ಕುಟ್ಟಪ್ಪನವರು ಇಳಿದರು. ಕೋಟಿನ ಮೇಷ್ಟ್ರನ್ನೂ ಕುರ್ಚಿಯನ್ನೂ ದಾಟಿ, ಕಣದಲ್ಲಿ ಕೆಂಪಗೆ ಗುಡ್ಡೆ ಬಿದ್ದಿದ್ದ ಹಣ್ಣಿನೊಳಗೆ ಮೊಣಕೈವರೆಗೆ ಕೈ ಇಳಿಸಿದರು.

"ಭಾನುವಾರ ಇಷ್ಟು ಹಣ್ಣು! ಯಾರು ಕೊಯ್ಸಿದ್ದು?"

"ನಾನೇ ಸಾರ್... ಚಿತ್ರಕ್ಕೆ. ಇವರ ಕೂಲಿ ಲೆಕ್ಕ..."

"ಎಂಥ ಕೂಲಿ? ನಾನು ಕೆಲಸಕ್ಕೆ ಕರೆದಿಲ್ಲ. ನೀನು ನಟನೆಗೆ ಕರೆದದ್ದು, ಅವರು ನಟಿಸಿದ್ರು. ನನ್ನ ಗಿಡದ ಹಣ್ಣು ನನ್ನ ಕಣಕ್ಕೆ ಬಂತು. ಅಲ್ವಾ ಮೇಷ್ಟ್ರೇ?"

"ನ್ಯಾಯವಾಗಿದೆ" ಎಂದರು ಮೇಷ್ಟ್ರು. ಸಾಹುಕಾರರನ್ನು ಕಂಡು ಅವರು ಮೊದಲ ಸಲ ಕುರ್ಚಿ ಬಿಟ್ಟು ಎದ್ದಿದ್ದರು.

ಪದ್ಮಯ್ಯ ಜೇಬು ಮುಟ್ಟಿಕೊಂಡ. ಅಲ್ಲಿ ಮಡಿಕೇರಿಯ ಬಸ್ ಚಾರ್ಜು ಬಿಟ್ಟರೆ ಕರವಸ್ತ್ರ. ಸಣ್ಣಿ ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡಳು.

"ಅಯ್ಯ, ಆ ರೈಟರ್ ಗೋಪುರ ತಕ್ಕೊಂಡು ಡಬ್ಬ ಬಿಡ್ತಿದ್ದ. ನೀವು ಡಬ್ಬನೂ ತಕ್ಕೊಂಡ್ರಲ್ಲ."

ಹೆಂಗಸರು ತಿರುಗಿ ನೋಡದೆ ಲೈನಿಗೆ ಇಳಿದುಹೋದರು. ಉತ್ತಯ್ಯ ಮೆಲ್ಲಗೆ, "ರೀಲಂತೂ ಚೆನ್ನಾಗಿ ಬಂದಿದೆ ಮಾರಾಯ" ಎಂದ. "ಕಳ್ಳನ ಮುಖ ಸ್ಪಷ್ಟವಾಗಿ ಬಿದ್ದಿದೆ."

ಪದ್ಮಯ್ಯ ತಲೆತಗ್ಗಿಸಿ ಕ್ಯಾಮೆರಾವನ್ನು ಸಾಹುಕಾರರ ಮುಂದೆ ಹಿಡಿದ. ಅವರು ಅದನ್ನು ತೆಗೆದುಕೊಂಡು, ಅಕ್ಕರೆಯಿಂದ ಅದರ ಪಟ್ಟಿಯನ್ನು ಮತ್ತೆ ಅವನ ಕೊರಳಿಗೇ ಹಾಕಿದರು.

"ನಿನ್ನ ಹತ್ರವೇ ಇರ್ಲಿ. ಆಚೆ ಗುಡ್ಡದ ಕೊಯ್ಲು ಹಾಗೇ ಬಾಕಿ ಉಂಟು, ಮುಂದಿನ ಭಾನುವಾರ ಅಲ್ಲೂ ಒಂದು ಚಿತ್ರ ತೆಗಿ. ರೀಲಿಗೆ ಕಾಯ್ಬೇಡ, ಸುಮ್ನೆ ತಿರುಗ್ಸು."